ಜೀಪನ್ನು ಎತ್ತರಿಸುವ ಮುನ್ನ: ಹೊಲದ ಹಾದಿ, ಹೆದ್ದಾರಿ ಮತ್ತು ಮನೆಮಂದಿಯ ಕ್ಷೇಮ

ಕಾಯಕಕ್ಕೆ ಒದಗುವ ಸಾಧನವನ್ನು ಗೌರವದಿಂದ ಕಾಣುವುದು ಶರಣ ಪರಂಪರೆಯ ನಡೆ. ಅಂಬಿಗರ ಚೌಡಯ್ಯನವರಿಗೆ ದೋಣಿ, ನುಲಿಯ ಚಂದಯ್ಯನವರಿಗೆ ಹುಲ್ಲಿನ ಹಗ್ಗ ಕೇವಲ ಹೊಟ್ಟೆಪಾಡಿನ ವಸ್ತುಗಳಾಗಿರಲಿಲ್ಲ. ಇಂದು ಹಾಸನ ಸೀಮೆಯ ಅನೇಕ ಒಕ್ಕಲು ಮನೆಗಳಲ್ಲಿ ಎತ್ತಿನ ಗಾಡಿಯ ಸ್ಥಾನಕ್ಕೆ ನಾಲ್ಕು ಚಕ್ರಗಳಿಗೂ ಬಲ ಹರಿಯುವ ಜೀಪು ಬಂದಿದೆ. ಆದುದರಿಂದ ಅದರ ವಿಷಯದಲ್ಲಿಯೂ ವಿವೇಕದ ಮಾತೊಂದನ್ನು ಹೇಳುವುದು ಅಪ್ರಸ್ತುತವಲ್ಲವೆಂದು ಭಾವಿಸುತ್ತೇವೆ.

ಅರಕಲಗೂಡಿನ ಕಡೆಯ ಹೊಗೆಸೊಪ್ಪು, ಶುಂಠಿಯ ಹೊಲಗಳ ಹಾದಿ ಮುಂಗಾರಿನಲ್ಲಿ ಕೆಸರಿನ ಕಾಲುವೆಯಾಗುತ್ತದೆ. ಹೊಳೆನರಸೀಪುರದ ಸುತ್ತಣ ನಾಲೆಯ ಏರಿಗಳಲ್ಲಿ ಟ್ರ್ಯಾಕ್ಟರುಗಳು ಕೊರೆದ ಜಾಡು ಮೊಣಕಾಲಿನಷ್ಟು ಆಳವಿರುವುದುಂಟು. ಅದೇ ಜೀಪು ಹಬ್ಬ ಬಂದೊಡನೆ ಮನೆಮಂದಿಯನ್ನೆಲ್ಲ ಹೊತ್ತು, ಚನ್ನರಾಯಪಟ್ಟಣದ ಮೇಲೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ತೋಂಟದ ಸಿದ್ಧಲಿಂಗೇಶ್ವರರ ಎಡೆಯೂರಿಗೆ ಓಡುತ್ತದೆ. ಹೊಲದಲ್ಲಿ ಅಡಿ ತಾಗುತ್ತದೆಂದು ಮಗ 'ಲಿಫ್ಟ್ ಕಿಟ್' ಹಾಕಿಸಬೇಕೆನ್ನುತ್ತಾನೆ; ತಂದೆಗೆ ಅದು ಬೇಕೋ ಬೇಡವೋ ತಿಳಿಯದು. ಅಂತಹ ಮನೆಗಳಿಗಾಗಿ ಈ ಬರಹ.

ಎತ್ತರದಿಂದ ದೊರೆಯುವುದೇನು?

ಮೊದಲು ಒಂದು ಭ್ರಮೆಯನ್ನು ನಿವಾರಿಸಬೇಕು. ಸ್ಪ್ರಿಂಗನ್ನು ಎತ್ತರಿಸಿದರೆ ಏರುವುದು ಛಾಸಿ ಮತ್ತು ಅದರ ಮೇಲಿನ ಭಾಗ ಮಾತ್ರ. ಗಟ್ಟಿ ಆಕ್ಸಲ್ ಇರುವ ಗಾಡಿಯಲ್ಲಿ ನೆಲಕ್ಕೆ ಅತಿ ಸಮೀಪವಿರುವ ಡಿಫರೆನ್ಷಿಯಲ್ ಇದ್ದಲ್ಲಿಯೇ ಇರುತ್ತದೆ. ಹಳೆಯ ಮಹೀಂದ್ರ ಜೀಪುಗಳಲ್ಲಿಯೂ ಮಾರುತಿಯ ಜಿಮ್ನಿಯಲ್ಲಿಯೂ ಹಿಂದೆ ಮುಂದೆ ಎರಡೂ ಕಡೆ ಇಂತಹ ಆಕ್ಸಲ್‌ಗಳಿವೆ. 2020ರಲ್ಲಿ ಬಂದ ಥಾರ್ ಗಾಡಿಯಲ್ಲಿ ಹಿಂದೆ ಮಾತ್ರ ಉಂಟು. ಆಕ್ಸಲನ್ನು ಏರಿಸುವುದು ದೊಡ್ಡ ಟೈರು ಮಾತ್ರ. ಅದೂ ವ್ಯಾಸದಲ್ಲಿ ಹೆಚ್ಚಿದ್ದರ ಅರ್ಧದಷ್ಟು. 28 ಅಂಗುಲದ ಟೈರಿನ ಬದಲು 30 ಅಂಗುಲದ್ದನ್ನು ಹಾಕಿದರೆ ದೊರೆಯುವುದು ಒಂದೇ ಅಂಗುಲ. ಆಗ ಸ್ಪೀಡೋಮೀಟರು 80 ತೋರಿಸುವಾಗ ಗಾಡಿ ಸುಮಾರು 86 ಕಿಲೋಮೀಟರು ವೇಗದಲ್ಲಿರುತ್ತದೆಂಬುದನ್ನೂ ನೆನಪಿಡಬೇಕು.

ಕಳೆದುಕೊಳ್ಳುವುದೇನು?

ಹುಲ್ಲಿನ ಗಾಡಿಯನ್ನು ಹೇರಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೇರು ಎತ್ತರವಾದಷ್ಟೂ ತಿರುವಿನಲ್ಲಿ ಮಗುಚುವ ಭಯ ಹೆಚ್ಚು. ಎರಡು ಚಕ್ರಗಳ ನಡುವಣ ಅಗಲವನ್ನು ಗುರುತ್ವ ಕೇಂದ್ರದ ಎತ್ತರದ ಇಮ್ಮಡಿಯಿಂದ ಭಾಗಿಸಿದರೆ ಗಾಡಿಯ ಸ್ಥಿರತೆಯ ಅಳತೆ ದೊರೆಯುತ್ತದೆ. ಅಗಲ 1.5 ಮೀಟರು, ಗುರುತ್ವ ಕೇಂದ್ರದ ಎತ್ತರ 0.7 ಮೀಟರು ಎಂದಿಟ್ಟುಕೊಂಡರೆ ಆ ಅಳತೆ 1.07. ಗುರುತ್ವ ಕೇಂದ್ರ 50 ಮಿಲಿಮೀಟರು ಮೇಲೇರಿದರೆ ಅದು 1.00ಕ್ಕೆ ಇಳಿಯುತ್ತದೆ. ಹೊಲದ ನಿಧಾನಗತಿಯಲ್ಲಿ ಈ ವ್ಯತ್ಯಾಸ ಕಾಣದು. ಹೆದ್ದಾರಿಯಲ್ಲಿ ದನವೊಂದು ಅಡ್ಡಬಂದು ಸ್ಟೀರಿಂಗನ್ನು ಥಟ್ಟನೆ ಹೊರಳಿಸಿದಾಗ ಅದೇ ವ್ಯತ್ಯಾಸ ಪ್ರಾಣದ ಪ್ರಶ್ನೆಯಾಗಬಹುದು.

ಬೇರೆ ತೊಡಕುಗಳೂ ಇವೆ. ಮುಂಗಾಲಿಯ ಕೋನಗಳು ಬದಲಾಗಿ, ಸ್ಟೀರಿಂಗ್ ತಾನಾಗಿಯೇ ನೇರಕ್ಕೆ ಮರಳುವ ಗುಣ ಕುಗ್ಗುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಓರೆ ಹೆಚ್ಚಿ ವೇಗದಲ್ಲಿ ನಡುಕ ಹುಟ್ಟಬಹುದು. ಬ್ರೇಕಿನ ಹೋಸ್ ಗಿಡ್ಡವಾದರೆ ಚಕ್ರ ಕೆಳಗಿಳಿದಾಗ ಜಗ್ಗುತ್ತದೆ. ಮುಂಭಾಗ ಹೆಚ್ಚು ಎದ್ದರೆ ದೀಪದ ಬೆಳಕು ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ. ಇನ್ನು ಮಂಡಿನೋವಿನ ಅಜ್ಜಿ, ಸೀರೆಯುಟ್ಟ ತಾಯಂದಿರು ಹತ್ತಿಳಿಯುವ ಕಷ್ಟವನ್ನು ಯಾವ ಕಿಟ್ ಮಾರುವವರೂ ಎತ್ತಿ ಹೇಳುವುದಿಲ್ಲ.

ಆರಿಸುವ ಕ್ರಮ

ಕೆಸರಿನಲ್ಲಿ ಗಾಡಿ ನಿಲ್ಲುವುದು ಎಷ್ಟೋ ವೇಳೆ ಎತ್ತರ ಸಾಲದೆ ಅಲ್ಲ, ಹಿಡಿತ ಸಾಲದೆ. ಕಂಪನಿಯ ಲೆಕ್ಕದಲ್ಲಿ ಥಾರ್ ಗಾಡಿಯ ಅಡಿಗೂ ನೆಲಕ್ಕೂ 226 ಮಿಲಿಮೀಟರು, ಜಿಮ್ನಿಗೆ 210 ಮಿಲಿಮೀಟರು ಅಂತರವಿದೆ. ನಮ್ಮ ಹೊಲದ ಹಾದಿಗೆ ಸಾಮಾನ್ಯವಾಗಿ ಇದು ಸಾಕು. ಆದುದರಿಂದ ಮೊದಲು ಕೆಸರಿಗೂ ಡಾಂಬರಿಗೂ ಒಗ್ಗುವ ಟೈರನ್ನು, ಮೂಲ ಅಳತೆಯಲ್ಲಿಯೇ, ಹಾಕಿಸಬೇಕು. ಎರಡನೆಯದಾಗಿ, ಹಳೆಯ ಗಾಡಿಯಾಗಿದ್ದರೆ ಕುಸಿದ ಸ್ಪ್ರಿಂಗನ್ನೂ ಸೋರಿದ ಶಾಕ್ ಅಬ್ಸಾರ್ಬರನ್ನೂ ಬದಲಿಸಬೇಕು. ಕಳೆದುಹೋದ ಎತ್ತರ ಅಷ್ಟರಿಂದಲೇ ಮರಳುವುದುಂಟು.

ಆಮೇಲೂ ಛಾಸಿ ತಾಗುತ್ತಿದ್ದರೆ ಮಾತ್ರ ಎತ್ತರಿಸುವ ಯೋಚನೆ. ಸ್ಪ್ರಿಂಗಿನಡಿ ಬಿಲ್ಲೆಯಿಡುವ ಸ್ಪೇಸರ್ ಅಗ್ಗದ್ದು. ಆದರೆ ಅದು ಚಕ್ರದ ಏರಿಳಿತವನ್ನು ಹೆಚ್ಚಿಸದು, ಹಳೆಯ ಶಾಕ್ ಅಬ್ಸಾರ್ಬರು ಎಳೆತದ ಕೊನೆ ಮುಟ್ಟಿ ಬಡಿಯಬಹುದು. ಹಳೆಯ ಜೀಪುಗಳಿಗೆ ಪ್ಲೇಟು ಸೇರಿಸುವ ರೂಢಿಯುಂಟು. ಹೇರಿಗೆ ಅದು ಒಳ್ಳೆಯದು, ಖಾಲಿ ಗಾಡಿಯನ್ನು ಮಾತ್ರ ಕುಪ್ಪಳಿಸುವಂತೆ ಮಾಡುತ್ತದೆ. ಗಾಡಿಯ ತೂಕಕ್ಕೆ ತಕ್ಕ ಸ್ಪ್ರಿಂಗು ಮತ್ತು ಅದಕ್ಕೆ ಹೊಂದುವ ಉದ್ದದ ಶಾಕ್ ಅಬ್ಸಾರ್ಬರು ಜೊತೆಯಾಗಿರುವ ಕಿಟ್ ಇವೆರಡಕ್ಕಿಂತ ಮೇಲು. ಹೆದ್ದಾರಿಯಲ್ಲಿಯೂ ಓಡುವ ಗಾಡಿಗೆ 25ರಿಂದ 40 ಮಿಲಿಮೀಟರು ಮೀರದಿರುವುದು ಕ್ಷೇಮ. ಅಳವಡಿಸಿದ ಮೇಲೆ ಚಕ್ರಗಳ ಅಲೈನ್‌ಮೆಂಟ್, ದೀಪದ ದಿಕ್ಕು, ಬ್ರೇಕಿನ ಹೋಸುಗಳನ್ನು ಪರೀಕ್ಷಿಸಿ, ಕೆಲವು ನೂರು ಕಿಲೋಮೀಟರು ಓಡಿದ ಬಳಿಕ ಬೋಲ್ಟುಗಳನ್ನು ಮತ್ತೆ ಬಿಗಿಸಬೇಕು. ಪಾದ ಇಡಲು ಮೆಟ್ಟಿಲೊಂದಿದ್ದರೆ ಹಿರಿಯರಿಗೆ ಅನುಕೂಲ.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಮೇರೆಗೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ವಿಧಿಸಬಹುದು. ಆದುದರಿಂದ ಹಣ ಕೊಡುವ ಮೊದಲು ಹಾಸನದ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೂ ಬರವಣಿಗೆಯಲ್ಲಿ ತಿಳಿಸುವುದು ಅವಶ್ಯ. ತಿಳಿಸದೆ ಮಾಡಿದ ಬದಲಾವಣೆ ಅಪಘಾತದ ನಂತರ ಪರಿಹಾರಕ್ಕೆ ಅಡ್ಡಿಯಾದೀತು.

ಮನೆಯ ಯುವಕರ ಉತ್ಸಾಹವನ್ನು ಹಿರಿಯರು ಹಳಿಯಬೇಕಿಲ್ಲ; ಜೊತೆಗೆ ಕುಳಿತು ಲೆಕ್ಕ ಹಾಕಲಿ. ವರ್ಷದಲ್ಲಿ ಎಷ್ಟು ದಿನ ಕೆಸರು, ಎಷ್ಟು ದಿನ ಹೆದ್ದಾರಿ, ಗಾಡಿಯಲ್ಲಿ ಕೂರುವವರು ಯಾರು ಯಾರು ಎಂಬುದನ್ನು ಬರೆದಿಟ್ಟು ನೋಡಿದರೆ ಉತ್ತರ ತಾನಾಗಿಯೇ ಹೊಳೆಯುತ್ತದೆ. ಮಿತಿಯರಿತ ಸಾಧನವೇ ಕಾಯಕಕ್ಕೆ ಸಹಾಯಕ. ಸರ್ವರ ಪಯಣವೂ ಸುಖಕರವಾಗಲೆಂದು ಹಾರೈಸುತ್ತೇವೆ.