ಲವಿಂಗ್ ಕೌಂಟಿ, ಟೆಕ್ಸಸ್

ಲವಿಂಗ್ ಕೌಂಟಿಯು ಅಮೆರಿಕ ಸಂಯುಕ್ತ ಸಂಸ್ಥಾನದ ಟೆಕ್ಸಸ್ ರಾಜ್ಯದ ಪಶ್ಚಿಮದಲ್ಲಿ, ಪೆಕೋಸ್ ನದಿಯ ಬದಿಯಲ್ಲಿರುವ ಒಣಭೂಮಿಯ ಆಡಳಿತ ವಿಭಾಗ. ದನಸಾಕಣೆ ಇಲ್ಲಿನ ಹಳೆಯ ಕಸುಬು. ಹೆಸರಿಗೂ ಪ್ರೀತಿಗೂ ಸಂಬಂಧವಿಲ್ಲ. ಅದು ದನದ ವ್ಯಾಪಾರಿ ಆಲಿವರ್ ಲವಿಂಗನ ಸ್ಮರಣಾರ್ಥ ಬಂದದ್ದು. ಚಾರ್ಲ್ಸ್ ಗುಡ್‌ನೈಟನ ಜೊತೆಗೂಡಿ ಪೆಕೋಸ್ ದಾರಿಯಾಗಿ ನ್ಯೂ ಮೆಕ್ಸಿಕೊಗೆ ದನದ ಹಿಂಡುಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ಈತ, 1867ರಲ್ಲಿ ಕೊಮಾಂಚಿ ಯೋಧರ ದಾಳಿಗೆ ಸಿಕ್ಕಿ, ಗಾಯ ಕೊಳೆತು ಫೋರ್ಟ್ ಸಮ್ನರ್‌ನಲ್ಲಿ ಮೃತಪಟ್ಟನು.

1887ರಲ್ಲಿ ಟಾಮ್ ಗ್ರೀನ್ ಕೌಂಟಿಯಿಂದ ಬೇರ್ಪಡಿಸಿ ಇದನ್ನು ರಚಿಸಲಾಯಿತು. ಗಡಿ ಗುರುತಿಸಿದ ಮಾತ್ರಕ್ಕೆ ಆಡಳಿತ ನೆಲೆಗೊಳ್ಳಲಿಲ್ಲ. 1893ರಲ್ಲಿ ಆರಂಭವಾದ ಸ್ಥಳೀಯ ಆಡಳಿತ ವಂಚನೆಯ ಆರೋಪಗಳಲ್ಲಿ ಸಿಲುಕಿತು; 1897ರಲ್ಲಿ ರಾಜ್ಯದ ಶಾಸನಸಭೆ ಅದನ್ನು ರದ್ದುಗೊಳಿಸಿ, ಪ್ರದೇಶವನ್ನು ನೆರೆಯ ರೀವ್ಸ್ ಕೌಂಟಿಯ ಅಧೀನಕ್ಕೆ ಒಪ್ಪಿಸಿತು. ತೈಲ ದೊರೆತು ಜನ ಬಂದ ಮೇಲೆ, 1931ರಲ್ಲಿ ಮೆಂಟೋನ್ ಕೇಂದ್ರವಾಗಿ ಆಡಳಿತ ಮರಳಿತು. ಹೀಗೆ ಈ ಕೌಂಟಿ ಎರಡು ಬಾರಿ ಸಂಘಟಿತವಾಯಿತು. 2020ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ 64.