ದಾದಿಯ ಕೈ, ವೈದ್ಯರ ಹೊಣೆ

ಇಂಗ್ಲೆಂಡಿನಲ್ಲಿ 1861ರ ಕಾಯಿದೆಯೊಂದರ ಪ್ರಕಾರ ಗರ್ಭಪಾತ ಮಾಡಿಸುವುದು ಘೋರ ಅಪರಾಧವಾಗಿತ್ತು; ಆಜೀವ ಕಾರಾಗೃಹವಾಸದವರೆಗೂ ಶಿಕ್ಷೆ ವಿಧಿಸಬಹುದಾಗಿತ್ತು. 1967ರಲ್ಲಿ ಅಲ್ಲಿನ ಪಾರ್ಲಿಮೆಂಟು ಹೊಸ ಕಾಯಿದೆಯನ್ನು ಮಾಡಿ, ಕೆಲವು ಕಟ್ಟುಪಾಡುಗಳಿಗೆ ಒಳಪಟ್ಟು ಈ ಚಿಕಿತ್ಸೆಗೆ ಅವಕಾಶ ಕೊಟ್ಟಿತು. ಸಾಕಷ್ಟು ಕಾರಣವುಂಟೆಂದು ಇಬ್ಬರು ವೈದ್ಯರು ಸದ್ಭಾವನೆಯಿಂದ ಒಪ್ಪಿರಬೇಕು. ಗರ್ಭವನ್ನು ಅಂತ್ಯಗೊಳಿಸತಕ್ಕವರು ನೋಂದಾಯಿತ ವೈದ್ಯರೇ ಆಗಿರಬೇಕು. ಈ ಎರಡನೆಯ ಮಾತು ಬರೆದ ಕಾಲಕ್ಕೆ ತೀರ ಸರಳವಾಗಿಯೇ ಇದ್ದಿತು. ಆಗ ಗರ್ಭಪಾತವೆಂದರೆ ಶಸ್ತ್ರಚಿಕಿತ್ಸೆ. ಗರ್ಭಕೋಶದ ಬಾಯಿಯನ್ನು ಹಿಗ್ಗಿಸಿ, ಲೋಹದ ಸೌಟಿನಂತಹ ಹರಿತವಾದ ಉಪಕರಣದಿಂದ ಒಳಗನ್ನು ಕೆರೆದು ತೆಗೆಯುತ್ತಿದ್ದರು. ಕೈ ಸ್ವಲ್ಪ ತಪ್ಪಿದರೆ ಗರ್ಭಕೋಶಕ್ಕೆ ತೂತು ಬೀಳುವ ಅಪಾಯವಿದ್ದುದರಿಂದ ಅದು ವೈದ್ಯರ ಕೆಲಸವೇ ಸರಿ. ದಾದಿಯು ಉಪಕರಣಗಳನ್ನು ಕುದಿಸಿ ಸಿದ್ಧಪಡಿಸುವಳು, ರೋಗಿಗೆ ಧೈರ್ಯ ಹೇಳುವಳು, ಮೇಲಿನ ಶುಶ್ರೂಷೆ ಮಾಡುವಳು. ಮಾಡುವವರು ಯಾರು, ನೆರವಾಗುವವರು ಯಾರು ಎಂಬ ಸಂದೇಹಕ್ಕೆ ಅಲ್ಲಿ ಎಡೆಯೇ ಇರಲಿಲ್ಲ.

ಸಂದೇಹವನ್ನು ತಂದದ್ದು ಒಂದು ರಾಸಾಯನಿಕ ವಸ್ತು. 1930ರ ದಶಕದಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ಎಂಬ ವಿಜ್ಞಾನಿ ವೀರ್ಯದ್ರವದಲ್ಲಿ ಸ್ನಾಯುಗಳನ್ನು ಸಂಕುಚಿಸುವ ಪದಾರ್ಥವೊಂದಿದೆಯೆಂದು ಕಂಡು, ಅದು ಪ್ರಾಸ್ಟೇಟ್ ಗ್ರಂಥಿಯಿಂದ ಬಂದುದೆಂದು ಭಾವಿಸಿ ಪ್ರಾಸ್ಟಗ್ಲಾಂಡಿನ್ ಎಂದು ಹೆಸರಿಟ್ಟನು. ಅಂತಹ ವಸ್ತುಗಳು ದೇಹದ ಅನೇಕ ಭಾಗಗಳಲ್ಲಿ ಉಂಟಾಗುತ್ತವೆಂದು ಆಮೇಲೆ ತಿಳಿದರೂ ಹೆಸರು ಮಾತ್ರ ಉಳಿದುಕೊಂಡಿತು; ವಿಜ್ಞಾನದಲ್ಲಿ ಇಂತಹ ಹೆಸರುಗಳು ಕಡಿಮೆಯೇನಲ್ಲ! ಈ ವಸ್ತುಗಳ ಮೇಲಿನ ಸಂಶೋಧನೆಗಾಗಿ ಬೆರ್ಗ್‌ಸ್ಟ್ರಾಮ್, ಸ್ಯಾಮ್ಯುಯೆಲ್‌ಸನ್ ಮತ್ತು ವೇನ್ ಎಂಬ ಮೂವರಿಗೆ 1982ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಪ್ರಾಸ್ಟಗ್ಲಾಂಡಿನ್ನನ್ನು ಗರ್ಭಕೋಶಕ್ಕೆ ಹನಿಹನಿಯಾಗಿ ಊಡಿದರೆ ಹೆರಿಗೆಯ ನೋವಿನಂತಹುದೇ ನೋವು ಆರಂಭವಾಗಿ ಗರ್ಭವು ಹೊರಬೀಳುತ್ತದೆ. ಮೂರು ತಿಂಗಳು ಕಳೆದ ಗರ್ಭಗಳಿಗೆ ಈ ವಿಧಾನವು 1972ರಿಂದ ಬ್ರಿಟನ್ನಿನಲ್ಲಿ ಬಳಕೆಗೆ ಬಂದಿತು.

ಇಲ್ಲಿ ಕೆಲಸದ ಹಂಚಿಕೆ ಹೇಗಿದ್ದಿತೆಂಬುದನ್ನು ನಾವು ಗಮನಿಸಬೇಕು. ವೈದ್ಯರು ಬಂದು ಸಣ್ಣ ನಳಿಕೆಯೊಂದನ್ನು ಗರ್ಭಕೋಶದೊಳಕ್ಕೆ ಸೇರಿಸಿ ಹೋಗುವರು. ಅನಂತರ ಔಷಧದ ಪಂಪನ್ನು ಆ ನಳಿಕೆಗೆ ಜೋಡಿಸುವವಳು ದಾದಿ. ರಕ್ತನಾಳದ ಮೂಲಕ ಹರಿಯುವ ಇನ್ನೊಂದು ಔಷಧದ ವೇಗವನ್ನು ಹೆಚ್ಚಿಸುವವಳೂ ತಗ್ಗಿಸುವವಳೂ ಅವಳೇ. ನಾಡಿ, ರಕ್ತದೊತ್ತಡ, ನೋವಿನ ಏರಿಳಿತಗಳನ್ನು ನೋಡುತ್ತ ಕುಳಿತಿರುವವಳೂ ಅವಳೇ. ಇಡೀ ಕ್ರಮಕ್ಕೆ ಸಾಮಾನ್ಯವಾಗಿ 18ರಿಂದ 30 ಗಂಟೆಗಳು ಹಿಡಿಯುತ್ತಿದ್ದವು. ಕರೆದರೆ ಬರುವಷ್ಟು ಸಮೀಪದಲ್ಲಿ ವೈದ್ಯರು ಇರುತ್ತಿದ್ದರು. ಆದರೆ ಗರ್ಭವು ಹೊರಬೀಳುವ ಹೊತ್ತಿಗೆ ಹಾಸಿಗೆಯ ಬಳಿ ಅನೇಕ ವೇಳೆ ಇರುತ್ತಿದ್ದವಳು ದಾದಿಯೊಬ್ಬಳೇ. ಹಾಗಾದರೆ ಗರ್ಭವನ್ನು ಅಂತ್ಯಗೊಳಿಸಿದವರು ಯಾರು? ದಾದಿಯೇ ಎಂದಾದರೆ ಅವಳಿಗೆ ಹೊಸ ಕಾಯಿದೆಯ ರಕ್ಷಣೆಯಿಲ್ಲ. ಅವಳು 1861ರ ಅಪರಾಧಿ.

ಇದು ಬರಿಯ ಶಬ್ದಗಳ ತೊಡಕಾಗಿರಲಿಲ್ಲ. ದಾದಿಯರ ಸಂಸ್ಥೆಯಾದ ರಾಯಲ್ ಕಾಲೇಜ್ ಆಫ್ ನರ್ಸಿಂಗ್ ತನ್ನ ಸದಸ್ಯೆಯರು ಸೆರೆಮನೆಯ ಬಾಗಿಲಲ್ಲಿ ನಿಂತಿದ್ದಾರೆಂದು ಕಳವಳಗೊಂಡಿತು. ಇಂತಹ ಕೆಲಸವು ಕಾಯಿದೆಗೆ ಸಮ್ಮತವೇ ಎಂದು ಸರ್ಕಾರದ ಆರೋಗ್ಯ ಇಲಾಖೆಯು 1980ರಲ್ಲಿ ಸುತ್ತೋಲೆ ಹೊರಡಿಸಿದಾಗ, ಸಂಸ್ಥೆಯು ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿತು. ಕೆಳಗಿನ ನ್ಯಾಯಾಲಯದ ಒಬ್ಬ ನ್ಯಾಯಾಧೀಶರು ಇಲಾಖೆಯ ಪರವಾಗಿ ತೀರ್ಪಿತ್ತರು. ಮೇಲ್ಮನವಿಯ ನ್ಯಾಯಾಲಯದಲ್ಲಿ ಲಾರ್ಡ್ ಡೆನ್ನಿಂಗ್ ಮೊದಲಾದ ಮೂವರೂ ಸಂಸ್ಥೆಯ ವಾದವನ್ನು ಎತ್ತಿಹಿಡಿದರು. ಕೊನೆಗೆ 1981ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನ ಐವರಲ್ಲಿ ಮೂವರು ಇಲಾಖೆಯ ಕಡೆಗೂ ಇಬ್ಬರು ಸಂಸ್ಥೆಯ ಕಡೆಗೂ ನಿಂತರು. ಲೆಕ್ಕಹಾಕಿ ನೋಡಿದರೆ ಒಂಬತ್ತು ನ್ಯಾಯಾಧೀಶರಲ್ಲಿ ಐವರು ಸಂಸ್ಥೆಯ ಮಾತನ್ನು ಒಪ್ಪಿದ್ದರು, ಗೆದ್ದದ್ದು ಇಲಾಖೆ! ಆದರೆ ಸೋತದ್ದರಿಂದಲೇ ದಾದಿಯರು ನಿರಾಳರಾದರು. ಚಿಕಿತ್ಸೆಯು ಒಂದೇ ಅಖಂಡ ಕ್ರಿಯೆಯೆಂದೂ, ವೈದ್ಯರು ಅದನ್ನು ಆರಂಭಿಸಿ ಕೊನೆಯವರೆಗೂ ಹೊಣೆ ಹೊತ್ತಿದ್ದರೆ, ಅವರ ಸೂಚನೆಯಂತೆ ನಡೆಯುವ ದಾದಿಯ ಕೆಲಸವೂ ಕಾಯಿದೆಯ ಆಶ್ರಯದೊಳಗೆ ಬರುವುದೆಂದೂ ಬಹುಮತದ ತೀರ್ಪು ಹೇಳಿತು. ಕೈ ದಾದಿಯದು, ಹೊಣೆ ವೈದ್ಯರದು ಎಂಬ ಈ ಏರ್ಪಾಡು ಜಾಣತನದ್ದೆಂದೇ ನಮ್ಮ ಅಭಿಪ್ರಾಯ. ಆದರೂ ದಾದಿಯ ತಿಳಿವಳಿಕೆಗೆ ಸಲ್ಲಬೇಕಾದ ಮನ್ನಣೆ ಅದರಲ್ಲಿ ಕಾಣುವುದಿಲ್ಲ.

ಇಷ್ಟರೊಳಗೆ ಮೊದಲ ಮೂರು ತಿಂಗಳ ಗರ್ಭಗಳಿಗೆ ಬೇರೊಂದು ಉಪಕರಣವು ಬಳಕೆಗೆ ಬಂದಿತ್ತು. ಇದು ಭೌತಶಾಸ್ತ್ರಕ್ಕೆ ಸೇರಿದುದಾದುದರಿಂದ ನಾಲ್ಕು ಮಾತು ಹೆಚ್ಚಾಗಿ ಹೇಳಿದರೆ ವಾಚಕರು ಮನ್ನಿಸುವರೆಂದು ನಂಬಿದ್ದೇವೆ. ಕೆರೆದು ತೆಗೆಯುವುದಕ್ಕೆ ಬದಲಾಗಿ ನಿರ್ವಾತದಿಂದ ಹೀರಿ ತೆಗೆಯುವ ವಿಧಾನವನ್ನು ಚೀನದ ವೈದ್ಯರು 1958ರಲ್ಲಿ ಪ್ರಕಟಿಸಿದರು. ಮುಂದೆ ಇದಕ್ಕೆ ವಿದ್ಯುತ್ ಪಂಪೂ ಬೇಡವಾಯಿತು. 60 ಘನ ಸೆಂಟಿಮೀಟರಿನ ಒಂದು ಪ್ಲಾಸ್ಟಿಕ್ ಪಿಚಕಾರಿಯ ಬಾಯನ್ನು ಮುಚ್ಚಿ ಅದರ ಕೊಂತವನ್ನು ಹಿಂದಕ್ಕೆಳೆದು ನಿಲ್ಲಿಸಿದರೆ, ಒಳಗಿನ ಒತ್ತಡವು ಹೊರಗಿನದಕ್ಕಿಂತ 60 ಸೆಂಟಿಮೀಟರ್ ಪಾದರಸಕ್ಕೂ ಮಿಕ್ಕಿ ತಗ್ಗುತ್ತದೆ. ವಾಯುಭಾರವು 76 ಸೆಂಟಿಮೀಟರ್ ಎಂಬುದನ್ನು ನೆನೆದರೆ, ಒಳಗೆ ಉಳಿಯುವುದು ಸುಮಾರು ಐದನೆಯ ಒಂದು ಪಾಲು ಒತ್ತಡ ಮಾತ್ರ. ನಳಿಕೆಯು ಮೃದುವಾದ ಪ್ಲಾಸ್ಟಿಕ್ಕಿನದಾದುದರಿಂದ ತೂತು ಬೀಳುವ ಭಯವೂ ಬಹಳ ಕಡಿಮೆ. ವಿದ್ಯುತ್ತಿಲ್ಲದ ಊರಿನಲ್ಲಿಯೂ ಕೆಲಸ ಮಾಡುವ ಈ ಪಿಚಕಾರಿಯನ್ನು ತರಬೇತಿ ಪಡೆದ ದಾದಿ ಏಕೆ ಹಿಡಿಯಬಾರದು?

ದಕ್ಷಿಣ ಆಫ್ರಿಕವು 1996ರ ತನ್ನ ಕಾಯಿದೆಯಲ್ಲಿ, ಮೊದಲ 12 ವಾರಗಳವರೆಗೆ ತರಬೇತಾದ ಪ್ರಸೂತಿ ದಾದಿಯರೂ ಈ ಕೆಲಸ ಮಾಡಬಹುದೆಂದು ನೇರವಾಗಿಯೇ ಬರೆಯಿತು. ಅಲ್ಲಿಯೂ ವಿಯೆಟ್ನಾಮಿನಲ್ಲಿಯೂ ನಡೆದ ಹೋಲಿಕೆಯ ಪ್ರಯೋಗವು 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ವಿಯೆಟ್ನಾಮಿನಲ್ಲಿ ವೈದ್ಯರ ಕೈಯಲ್ಲಿ 812ಕ್ಕೆ 10, ವೈದ್ಯ ಸಹಾಯಕರ ಕೈಯಲ್ಲಿ 824ಕ್ಕೆ 10 ತೊಡಕುಗಳಾದವು. ದಕ್ಷಿಣ ಆಫ್ರಿಕದಲ್ಲಿ ವೈದ್ಯರಿಗೆ 584ಕ್ಕೆ ಒಂದೂ ಇಲ್ಲ, ಪ್ರಸೂತಿ ದಾದಿಯರಿಗೆ 576ಕ್ಕೆ 8. ಈ ಎಂಟನ್ನು ಮರೆಮಾಚುವುದು ವಿಜ್ಞಾನಕ್ಕೆ ಒಪ್ಪುವುದಿಲ್ಲ. ಆದರೆ ಅದು ನೂರಕ್ಕೆ ಒಂದೂವರೆಗಿಂತ ಕಡಿಮೆ. ಎಷ್ಟು ವ್ಯತ್ಯಾಸವನ್ನು ಸಮಾನವೆಂದು ಎಣಿಸಬೇಕೆಂದು ಸಂಶೋಧಕರು ಮೊದಲೇ ಗೊತ್ತುಮಾಡಿಕೊಂಡಿದ್ದ ಮಿತಿಯೊಳಗೇ ಇದ್ದಿತು.

ಇನ್ನು ಗುಳಿಗೆಗಳು ಬಂದ ಮೇಲೆ ಉಪಕರಣವೇ ಇಲ್ಲವಾಯಿತು. ಗರ್ಭವನ್ನು ಹಿಡಿದಿಡುವ ಪ್ರೊಜೆಸ್ಟರೋನ್ ಎಂಬ ಹಾರ್ಮೋನು ಕುಳಿತುಕೊಳ್ಳಬೇಕಾದ ಸ್ಥಾನವನ್ನು ಮಿಫೆಪ್ರಿಸ್ಟೋನ್ ಆಕ್ರಮಿಸುತ್ತದೆ. ಬೀಗಕ್ಕೆ ತಪ್ಪು ಬೀಗದಕೈ ಸಿಕ್ಕಿಕೊಂಡಂತೆ. ಒಂದೆರಡು ದಿನದ ಮೇಲೆ ಕೊಡುವ ಮಿಸೊಪ್ರೊಸ್ಟಾಲ್, ಪ್ರಾಸ್ಟಗ್ಲಾಂಡಿನ್ನಿನ ಕೃತಕ ಬಂಧುವಾಗಿದ್ದು, ಗರ್ಭಕೋಶವನ್ನು ಸಂಕುಚಿಸುತ್ತದೆ. ಮಿಫೆಪ್ರಿಸ್ಟೋನಿಗೆ ಫ್ರಾನ್ಸ್ 1988ರಲ್ಲಿ, ಬ್ರಿಟನ್ 1991ರಲ್ಲಿ, ಭಾರತ 2002ರಲ್ಲಿ ಅನುಮತಿಯಿತ್ತವು. ಇಲ್ಲಿ ಬೇಕಾದುದು ಕೈಚಳಕವಲ್ಲ, ವಿವೇಚನೆ. ಗರ್ಭವು ಎಷ್ಟು ವಾರದ್ದು? ಗರ್ಭಕೋಶದ ಹೊರಗೆ ನಾಳದಲ್ಲಿ ನೆಲೆಸಿದೆಯೇ? ಹಾಗಿದ್ದರೆ ಗುಳಿಗೆ ಕೆಲಸ ಮಾಡದು, ಪ್ರಾಣಾಪಾಯವೂ ಉಂಟು. ರಕ್ತಸ್ರಾವವು ಎಲ್ಲಿಯವರೆಗೆ ಸಹಜ? ಇದನ್ನೆಲ್ಲ ದಾದಿಯರು ಕಲಿತು ನಿರ್ವಹಿಸಬಲ್ಲರೆಂದು ನೇಪಾಳದ ಪ್ರಯೋಗವೊಂದು 2011ರಲ್ಲಿ ತೋರಿಸಿತು: ವೈದ್ಯರಲ್ಲದ ತರಬೇತಾದ ಸಿಬ್ಬಂದಿಯ ಕೈಯಲ್ಲಿ ನೂರಕ್ಕೆ 97.3, ವೈದ್ಯರ ಕೈಯಲ್ಲಿ 96.1 ಚಿಕಿತ್ಸೆಗಳು ಪೂರ್ಣವಾದವು. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ, ಮೊದಲ ಮೂರು ತಿಂಗಳಲ್ಲಿ ಗುಳಿಗೆ ಮತ್ತು ಪಿಚಕಾರಿ ಎರಡನ್ನೂ ತರಬೇತಾದ ದಾದಿಯರಿಗೆ ವಹಿಸಬಹುದೆಂದು ಸಲಹೆಮಾಡಿತು.

ಆದರೆ ಮನಸ್ಸಾಕ್ಷಿ ಒಪ್ಪದ ದಾದಿಯ ಗತಿಯೇನು? 1967ರ ಕಾಯಿದೆಯೇ ಅಂತಹವರಿಗೆ ಹಿಂದೆ ಸರಿಯುವ ಹಕ್ಕನ್ನು ಕೊಟ್ಟಿತ್ತು. ಗ್ಲಾಸ್ಗೋವಿನ ಇಬ್ಬರು ಪ್ರಸೂತಿ ದಾದಿಯರು, ಈ ಚಿಕಿತ್ಸೆಯಲ್ಲಿ ತೊಡಗಿದ ಇತರ ದಾದಿಯರ ಮೇಲ್ವಿಚಾರಣೆಯಿಂದಲೂ ತಮಗೆ ವಿನಾಯಿತಿ ಬೇಕೆಂದು ಕೇಳಿದರು. ಸ್ವತಃ ಕೈಹಚ್ಚುವ ಕೆಲಸಕ್ಕೆ ಮಾತ್ರ ಈ ಹಕ್ಕು ಅನ್ವಯಿಸುವುದೆಂದು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಮಾನಿಸಿತು.

ನಮ್ಮ ದೇಶದ 1971ರ ಕಾಯಿದೆಯೂ ನೋಂದಾಯಿತ ವೈದ್ಯರನ್ನೇ ಹೆಸರಿಸಿದೆ. ದಾದಿಯರು ಪಿಚಕಾರಿಯ ವಿಧಾನವನ್ನು ಸುರಕ್ಷಿತವಾಗಿ ನಡೆಸಬಲ್ಲರೇ ಎಂಬುದನ್ನು ಬಿಹಾರ ಮತ್ತು ಜಾರ್ಖಂಡ್‌ಗಳಲ್ಲಿ ಪರೀಕ್ಷಿಸಿ, ವೈದ್ಯರಷ್ಟೇ ಸಮರ್ಥವಾಗಿ ನಡೆಸಬಲ್ಲರೆಂಬ ಫಲಿತಾಂಶವನ್ನು 2011ರಲ್ಲಿ ಪ್ರಕಟಿಸಲಾಯಿತು. 2014ರ ತಿದ್ದುಪಡಿಯ ಕರಡಿನಲ್ಲಿ ದಾದಿಯರನ್ನೂ ಸೇರಿಸುವ ಸೂಚನೆಯಿದ್ದಿತು. 2021ರಲ್ಲಿ ತಿದ್ದುಪಡಿಯು ಜಾರಿಗೆ ಬಂದಾಗ, ಕೆಲವು ವರ್ಗಗಳ ಸ್ತ್ರೀಯರಿಗೆ ಅವಧಿಯು 20 ವಾರಗಳಿಂದ 24ಕ್ಕೆ ಏರಿತು; ಚಿಕಿತ್ಸೆ ಮಾಡತಕ್ಕವರು ಯಾರೆಂಬ ಮಾತು ಮಾತ್ರ 1971ರಲ್ಲಿ ಇದ್ದಂತೆಯೇ ಉಳಿಯಿತು.