ಬೋರ್ಡ್ ಎಲ್ಲಿ ಕೂರುತ್ತದೆ?

ಲಂಡನ್ನಿನ ನಮ್ಮ ಮನೆ ಹತ್ತಿರದ ಗ್ರಂಥಾಲಯದಲ್ಲಿ ಶನಿವಾರ ನಡೆಯುವ ಮಕ್ಕಳ ಕೋಡ್ ಕ್ಲಬ್ಬಿನಲ್ಲಿ ನಾನು ಸ್ವಯಂಸೇವಕಿ. ಅಲ್ಲಿ ಮಕ್ಕಳೂ ಕೇಳುತ್ತಾರೆ, ಕರೆದುಕೊಂಡು ಹೋಗಲು ಬರುವ ಅಪ್ಪ ಅಮ್ಮಂದಿರೂ ಕೇಳುತ್ತಾರೆ: ‘ಆಂಟಿ, ವೈ-ಫೈ ಇರೋ ಬೋರ್ಡ್ ಯಾವುದು ತಗೊಳ್ಳೋದು?’ ಅಷ್ಟು ಹೊತ್ತಿಗೆ ಅವರು ಯಾವ ಚಿಪ್ಪಿನ ವೇಗ ಎಷ್ಟು, ಯಾವುದರ ಬೆಲೆ ಎಷ್ಟು ಎಂದು ಪಟ್ಟಿ ಮಾಡಿಕೊಂಡೇ ಬಂದಿರುತ್ತಾರೆ. ನಾನು ಆ ಪಟ್ಟಿಯನ್ನು ಪಕ್ಕಕ್ಕಿಟ್ಟು ಎರಡು ವಿಷಯ ಕೇಳುತ್ತೇನೆ. ಅದು ಎಲ್ಲಿ ಕೂರುತ್ತದೆ, ಪಕ್ಕದಲ್ಲಿ ಪ್ಲಗ್ ಇದೆಯೇ? ಅಲ್ಲಿಂದ ಸುದ್ದಿ ಎಷ್ಟು ದೂರ ಹೋಗಬೇಕು? ಇವೆರಡಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ಬೋರ್ಡ್‌ಗಳು ತಾವೇ ಪಟ್ಟಿಯಿಂದ ಬಿದ್ದುಹೋಗುತ್ತವೆ.

ಹೊಸಬರಿಗಾಗಿ ಎರಡು ಮಾತು. ಲೆಕ್ಕ ಮಾಡುವ ಭಾಗ, ನೆನಪು, ಹೊರಗಿನ ತಂತಿಗಳಿಗೆ ಕಾಲುಗಳು, ಎಲ್ಲವೂ ಉಗುರಿನಷ್ಟು ಜಾಗದಲ್ಲಿರುವ ಚಿಪ್ಪೇ ಮೈಕ್ರೊಕಂಟ್ರೋಲರ್. ಅದಕ್ಕೆ ಯುಎಸ್‌ಬಿ ಕಿಂಡಿ, ವೋಲ್ಟೇಜ್ ಹದಗೊಳಿಸುವ ರೆಗ್ಯುಲೇಟರ್, ಆಂಟೆನಾ ಸೇರಿಸಿ ಕೊಟ್ಟರೆ ಡೆವಲಪ್‌ಮೆಂಟ್ ಬೋರ್ಡ್. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುವಾಗ ನಮ್ಮ ಲ್ಯಾಬಿನಲ್ಲಿ ಇದ್ದದ್ದು ಇಂಟೆಲ್ 1980ರಲ್ಲಿ ತಂದ 8051. ಅದರ ಒಳಗಿನ ರ್‍ಯಾಮ್ 128 ಬೈಟ್. ಹೊರಗೆ ಒಂದು ಮಾತು ಕಳಿಸಬೇಕಾದರೂ ದಪ್ಪ ಸೀರಿಯಲ್ ಕೇಬಲ್ ಬೇಕಿತ್ತು. ಹವ್ಯಾಸಿಗಳ ಕೈಗೆ ಅಗ್ಗದ ವೈ-ಫೈ ಬಂದದ್ದು 2014ರಲ್ಲಿ, ಶಾಂಘೈನ ಎಸ್ಪ್ರೆಸಿಫ್ ಕಂಪನಿಯ ಇಎಸ್‌ಪಿ8266 ಮೂಲಕ. 2016ರಲ್ಲಿ ಅದೇ ಕಂಪನಿ ಇಎಸ್‌ಪಿ32 ತಂದಿತು. 2022ರ ಜೂನ್‌ನಲ್ಲಿ ಕೇಂಬ್ರಿಜ್‌ನ ರಾಸ್ಪ್‌ಬೆರಿ ಪೈ ಕಂಪನಿ 6 ಡಾಲರಿಗೆ ಪೀಕೊ ಡಬ್ಲ್ಯೂ ಎಂಬ ವೈ-ಫೈ ಬೋರ್ಡ್ ಬಿಡುಗಡೆ ಮಾಡಿತು. 2024ರ ನವೆಂಬರಿನಲ್ಲಿ 7 ಡಾಲರಿಗೆ ಪೀಕೊ 2 ಡಬ್ಲ್ಯೂ ಬಂತು.

ಬೆಂಗಳೂರಿನಲ್ಲಾದರೆ ಎಸ್.ಪಿ. ರೋಡಿನಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು, ಬೋರ್ಡನ್ನು ಕೈಯಲ್ಲಿ ತಿರುವಿ ನೋಡಿ ಕೊಳ್ಳಬಹುದು. ಲಂಡನ್ನಿನಲ್ಲೂ ಅಂಥ ಬೀದಿಗಳಿದ್ದವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯದ ಹಳೆಯ ರೇಡಿಯೊ ಸಾಮಾನು ಸೊಹೊದ ಲೈಲ್ ಸ್ಟ್ರೀಟಿನಲ್ಲಿ ರಾಶಿ ಬೀಳುತ್ತಿತ್ತು. ಆಮೇಲೆ ಟಾಟೆನ್‌ಹ್ಯಾಮ್ ಕೋರ್ಟ್ ರೋಡ್, ಎಜ್ವೇರ್ ರೋಡ್ ಹೆಸರಾದವು. ಊರೂರಿಗೆ ಎಲೆಕ್ಟ್ರಾನಿಕ್ಸ್ ಮಳಿಗೆಯಿದ್ದ ಮ್ಯಾಪ್ಲಿನ್ ಕೂಡ 2018ರಲ್ಲಿ ಬಾಗಿಲು ಹಾಕಿತು. ಈಗ ಎಲ್ಲವೂ ಷೆಫೀಲ್ಡ್‌ನ ಪಿಮೊರೊನಿಯಂಥ ಅಂಗಡಿಗಳಿಂದ ಅಂಚೆಯಲ್ಲಿ ಬರುತ್ತದೆ. ಮುಟ್ಟಿ ನೋಡುವ ಅವಕಾಶವಿಲ್ಲದ ಕಡೆ ಕೊಳ್ಳುವ ಮುಂಚೆಯೇ ಯೋಚಿಸುವುದು ಅನಿವಾರ್ಯ.

ನಮ್ಮ ಮನೆಯ ಬಸ್ ಫಲಕದ ಕತೆ ಹೇಳಿದರೆ ಯೋಚಿಸುವ ರೀತಿ ತಿಳಿಯುತ್ತದೆ. ಬೇಸಿಗೆಗೆಂದು ಬಂದ ಅತ್ತೆ ಅಕ್ಟೋಬರ್ ಆದರೂ ಇದ್ದರು. ಮಧ್ಯಾಹ್ನ 281 ನಂಬರ್ ಬಸ್ಸು ಹಿಡಿದು ಟ್ವಿಕನ್‌ಹ್ಯಾಮ್ ಕಡೆ ಹೋಗಿ ಬರುವುದು ಅವರಿಗೆ ಪ್ರಿಯ. ‘ಬಸ್ಸು ಬರೋ ಮುಂಚೇನೇ ಹೋಗಿ ಆ ಚಳೀಲಿ ನಿಂತ್ಕೊಳ್ಳೋದ್ಯಾಕೆ ಕಣೇ?’ ಅಂದರು. ಮೊಬೈಲ್ ಆ್ಯಪ್ ಅವರಿಗೆ ಒಗ್ಗಲಿಲ್ಲ. ಲಂಡನ್ ಸಾರಿಗೆ ಸಂಸ್ಥೆ ಟಿಎಫ್‌ಎಲ್, ಯಾವ ನಿಲ್ದಾಣಕ್ಕೆ ಯಾವ ಬಸ್ಸು ಎಷ್ಟು ಹೊತ್ತಿನಲ್ಲಿ ಬರುತ್ತದೆ ಎಂಬ ಮಾಹಿತಿಯನ್ನು ಯಾರು ಬೇಕಾದರೂ ಬಳಸುವಂತೆ ಉಚಿತವಾಗಿ ತೆರೆದಿಟ್ಟಿದೆ. ಅದನ್ನು ತಂದು ಬಾಗಿಲ ಬಳಿ ತೋರಿಸುವ ಫಲಕ ಮಾಡೋಣ ಅತ್ತೆ, ಎಂದೆ.

ಬಾಗಿಲ ಬಳಿ ಪ್ಲಗ್ ಇತ್ತು, ಹಾಗಾಗಿ ಬ್ಯಾಟರಿಯ ಚಿಂತೆ ಇಲ್ಲ. ರೌಟರ್ ಒಂದು ಗೋಡೆಯಾಚೆ, ಹಾಗಾಗಿ ವೈ-ಫೈ ಸಾಕು. ಉಳಿದದ್ದು ನೆನಪಿನ ಪ್ರಶ್ನೆ. ಟಿಎಫ್‌ಎಲ್‌ನಿಂದ ಬರುವ ಉತ್ತರ ಕೆಲವೊಮ್ಮೆ ಹತ್ತಾರು ಕಿಲೊಬೈಟ್ ಉದ್ದವಿರುತ್ತದೆ. ಅದು ಬರುವುದು ಬ್ಯಾಂಕಿನ ವ್ಯವಹಾರಕ್ಕೆ ಬಳಸುವಂಥ ಗೂಢಲಿಪಿಯ ಸಂಪರ್ಕದಲ್ಲಿ. ಅದನ್ನು ಬಿಡಿಸಲು ಇನ್ನೊಂದಿಷ್ಟು ಕಿಲೊಬೈಟ್ ಬೇಕು. ಇಎಸ್‌ಪಿ8266ರಲ್ಲಿ ವೈ-ಫೈ ತನ್ನ ಪಾಲು ತೆಗೆದುಕೊಂಡ ಮೇಲೆ ನಮ್ಮ ಕೈಗೆ ಸಿಗುವುದು ಸುಮಾರು 40ರಿಂದ 50 ಕಿಲೊಬೈಟ್. ಎಲ್ಲಕ್ಕಿಂತ ಅಗ್ಗವಾದರೂ ಈ ಕೆಲಸಕ್ಕೆ ಅದು ತಿಣುಕುತ್ತದೆ. ಪೀಕೊ ಡಬ್ಲ್ಯೂನಲ್ಲಿ 264, ಇಎಸ್‌ಪಿ32ರಲ್ಲಿ 520 ಕಿಲೊಬೈಟ್ ಇದೆ. ಎರಡರಲ್ಲಿ ಯಾವುದಾದರೂ ಆದೀತು.

ಇನ್ನು ಪರದೆ. ಅತ್ತೆಯ ಕಣ್ಣಿಗೆ ಹೊಳೆಯುವ ಪರದೆ ಬೇಡವೆಂದು 4.2 ಇಂಚಿನ ಇ-ಪೇಪರ್ ತರಿಸಿದೆ. 400 ಅಡ್ಡ, 300 ಉದ್ದ ಚುಕ್ಕಿ. ಕಪ್ಪು ಬಿಳುಪಿನ ಒಂದು ಚಿತ್ರಕ್ಕೆ 15,000 ಬೈಟ್. ಕನ್ನಡದಲ್ಲೇ ತೋರಿಸಬೇಕೆಂಬುದು ನನ್ನ ಹಟ. ಈ ಪುಟ್ಟ ಚಿಪ್ಪುಗಳ ಪರದೆಯ ಲೈಬ್ರರಿಗಳು ಒಂದು ಅಕ್ಷರದ ಪಕ್ಕ ಇನ್ನೊಂದನ್ನು ಕೂರಿಸುವುದಷ್ಟೇ ಬಲ್ಲವು. ಒತ್ತಕ್ಷರವನ್ನು ಕೆಳಗಿಳಿಸಿ ಕೂರಿಸುವ, ಗುಣಿತವನ್ನು ಅಕ್ಷರಕ್ಕೆ ಹೆಣೆಯುವ ಕೆಲಸ ಕಂಪ್ಯೂಟರ್, ಮೊಬೈಲುಗಳಲ್ಲಿ ಬೇರೊಂದು ದೊಡ್ಡ ತಂತ್ರಾಂಶದ್ದು. ಆದ್ದರಿಂದ ‘ನಿಮಿಷ’, ‘ಬಸ್ಸು ಬಂತು’, ‘ಈಗ ಹೊರಡಿ’ ಎಂಬ ಮಾತುಗಳನ್ನು ಲ್ಯಾಪ್‌ಟಾಪಿನಲ್ಲಿ ಬರೆದು, ಇಡಿಯ ಪದವನ್ನೇ ಚಿತ್ರವಾಗಿಸಿ ಬೋರ್ಡಿಗೆ ತುಂಬಿದೆ. ಕನ್ನಡ ಅಂಕಿಗಳು ಒಂದಕ್ಕೊಂದು ಹೆಣೆದುಕೊಳ್ಳುವುದಿಲ್ಲವಾದ್ದರಿಂದ ಹತ್ತು ಬಿಡಿ ಚಿತ್ರ ಸಾಕಾಯಿತು. ಇಂಥ ಚಿತ್ರಗಳಿಗೆ ಜಾಗ ಬೇಕು, ಪರದೆಗೆ ಪಿನ್‌ಗಳು ಬೇಕು. ಅದನ್ನೆಲ್ಲ ಲೆಕ್ಕ ಹಾಕಿಯೇ ಪೀಕೊ ಡಬ್ಲ್ಯೂ ಆರಿಸಿದ್ದು. ಅದರಲ್ಲಿ ಮೈಕ್ರೊಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಸುಲಭವಾಗಿ ಕೂರುತ್ತದೆ, ರಾಸ್ಪ್‌ಬೆರಿ ಪೈನವರ ಕೈಪಿಡಿಗಳು ಸ್ಪಷ್ಟವಾಗಿವೆ. ಕೇಂಬ್ರಿಜ್‌ನಲ್ಲಿದ್ದ ಭೌತವಿಜ್ಞಾನಿ ಡೇಮಿಯನ್ ಜಾರ್ಜ್ 2013ರಲ್ಲಿ ಜನರಿಂದ ಹಣ ಕೂಡಿಸಿ ಶುರುಮಾಡಿದ ಈ ಮೈಕ್ರೊಪೈಥಾನ್ ಇಎಸ್‌ಪಿ32ರಲ್ಲೂ ನಡೆಯುತ್ತದೆ. ಒಂದರಲ್ಲಿ ಕಲಿತದ್ದು ಇನ್ನೊಂದಕ್ಕೆ ಹೋದಾಗ ವ್ಯರ್ಥವಾಗುವುದಿಲ್ಲ. ಬೆಸುಗೆ ಹಾಕಲು ಬಾರದವರು ಪಿನ್ ಕೂರಿಸಿಯೇ ಬರುವ ‘ಡಬ್ಲ್ಯೂಎಚ್’ ಮಾದರಿ ಕೇಳಿ ತರಿಸಿಕೊಳ್ಳಿ.

ಲಂಡನ್ನಿನ ಮನೆಗಳಲ್ಲಿ ವೈ-ಫೈ ಬಗ್ಗೆ ಒಂದು ಎಚ್ಚರ. ಪೀಕೊ ಡಬ್ಲ್ಯೂ ಮತ್ತು ಸಾಮಾನ್ಯವಾಗಿ ಸಿಗುವ ಇಎಸ್‌ಪಿ32 ಬೋರ್ಡ್‌ಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ ಕೇಳಿಸುತ್ತದೆ, 5 ಗಿಗಾಹರ್ಟ್ಸ್ ಕೇಳಿಸದು. ಇಟ್ಟಿಗೆ ಗೋಡೆ ದಾಟುವುದರಲ್ಲಿ 2.4 ಮೇಲು. ಆದರೆ ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲಿನಲ್ಲಿ ಅಕ್ಕಪಕ್ಕದ ರೌಟರುಗಳೆಲ್ಲ ಅದರಲ್ಲೇ ಮಾತನಾಡುತ್ತಿರುತ್ತವೆ. ಬೋರ್ಡಿನ ಆಂಟೆನಾ ತುದಿಯನ್ನು ಲೋಹದಿಂದ ದೂರವಿಡಿ, ರೇಡಿಯೇಟರಿನ ಹಿಂದೆ ಕೂರಿಸಬೇಡಿ.

ಪ್ಲಗ್ ಇಲ್ಲದ ಜಾಗಕ್ಕೆ ಹೋದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಇಲ್ಲಿಯ ಹಳೆಯ ಮನೆಗಳಲ್ಲಿ ಚಳಿಗಾಲವೆಲ್ಲ ಕಿಟಕಿ ಮುಚ್ಚಿ, ಒಳಗೇ ಬಟ್ಟೆ ಒಣಗಿಸಿ, ಅನ್ನ ಸಾರಿನ ಹಬೆಯೂ ಸೇರಿ ಬೀರುವಿನ ಹಿಂದಿನ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಮಕ್ಕಳ ಉಸಿರಿಗೆ ಇದು ಕೆಟ್ಟದ್ದು. ರಾಚ್‌ಡೇಲ್‌ನಲ್ಲಿ 2020ರಲ್ಲಿ ಎರಡು ವರ್ಷದ ಮಗು ಅವಾಬ್ ಇಶಾಕ್ ತೀರಿಕೊಂಡದ್ದು ಮನೆಯ ಬೂಷ್ಟಿನಿಂದ. ಅವನ ಹೆಸರಿನ ಕಾಯ್ದೆ 2025ರ ಅಕ್ಟೋಬರ್ 27ರಿಂದ ಇಂಗ್ಲೆಂಡಿನ ಸಾಮಾಜಿಕ ವಸತಿ ಮನೆಗಳಿಗೆ ಜಾರಿಯಾಗಿದೆ. ಬಾಡಿಗೆ ಮನೆಯಲ್ಲಿರುವ ಗೆಳತಿಯರಿಗೆ ನಾನು ತೇವಾಂಶದ ದಾಖಲೆ ಇಡುವ ಪೆಟ್ಟಿಗೆ ಮಾಡಿಕೊಡುತ್ತೇನೆ. ಮನೆ ಮಾಲೀಕರ ಮುಂದೆ ಬಾಯಿಮಾತಿಗಿಂತ ತಾರೀಖು, ಗಂಟೆ ಹಾಕಿದ ಅಂಕಿಗಳಿಗೆ ತೂಕ ಹೆಚ್ಚು. ಸೆನ್ಸರ್ ಕೂಡ ಹಾಗೆಯೇ ನೋಡಿ ಆರಿಸಬೇಕು: ಅಗ್ಗದ ಡಿಎಚ್‌ಟಿ11 ಶೇ 5ರಷ್ಟು ಆಚೀಚೆ ಆಗಬಹುದು, ಎಸ್‌ಎಚ್‌ಟಿ31 ಸುಮಾರು ಶೇ 2ರಷ್ಟು.

ಬೀರುವಿನ ಹಿಂದೆ ಪ್ಲಗ್ ಇಲ್ಲ. ಬ್ಯಾಟರಿ ಬೇಕು, ಬೋರ್ಡ್ ಬಹುಪಾಲು ಹೊತ್ತು ನಿದ್ರಿಸಬೇಕು, ಗಂಟೆಗೆ ಕೆಲವು ಸಲ ಎದ್ದು ಅಳತೆ ಕಳಿಸಿ ಮತ್ತೆ ಮಲಗಬೇಕು. ಇಎಸ್‌ಪಿ32 ಚಿಪ್ಪು ಗಾಢ ನಿದ್ರೆಯಲ್ಲಿ ಸುಮಾರು 10 ಮೈಕ್ರೊಆಂಪ್ ಮಾತ್ರ ಬಳಸುತ್ತದೆ ಎಂದು ಅದರ ಕೈಪಿಡಿ ಹೇಳುತ್ತದೆ. ಅದು ನಿಜವೇ. ಆದರೆ ನಾವು ಕೊಳ್ಳುವುದು ಬರೀ ಚಿಪ್ಪಲ್ಲ. ಸಾಧಾರಣ ಬೋರ್ಡಿನಲ್ಲಿ ಚಿಪ್ಪು ಮಲಗಿದ ಮೇಲೂ ಕೆಂಪು ದೀಪ ಉರಿಯುತ್ತಿರುತ್ತದೆ, ಯುಎಸ್‌ಬಿ ಚಿಪ್ಪು ಎಚ್ಚರವಿರುತ್ತದೆ, ಅಗ್ಗದ ರೆಗ್ಯುಲೇಟರ್ ತಾನೇ ಒಂದಿಷ್ಟು ಕುಡಿಯುತ್ತದೆ. ಎಲ್ಲ ಸೇರಿ 5 ಮಿಲಿಆಂಪ್ ಎಂದಿಟ್ಟುಕೊಳ್ಳಿ. 2000 ಮಿಲಿಆಂಪ್-ಗಂಟೆಯ ಬ್ಯಾಟರಿ 400 ಗಂಟೆಯಲ್ಲಿ, ಅಂದರೆ ಹದಿನೇಳು ದಿನದೊಳಗೆ ಮುಗಿಯಿತು. ನಿದ್ರೆಗೆಂದೇ ರೂಪಿಸಿದ ಬೋರ್ಡ್ 50 ಮೈಕ್ರೊಆಂಪ್ ಬಳಸಿದರೆ ಅದೇ ಬ್ಯಾಟರಿಗೆ ನಿದ್ರೆಯ ಲೆಕ್ಕದಲ್ಲಿ 40,000 ಗಂಟೆ, ನಾಲ್ಕು ವರ್ಷಕ್ಕೂ ಮೇಲೆ. ಎದ್ದು ವೈ-ಫೈ ಕಳಿಸುವಾಗ ಕ್ಷಣಕಾಲ 200 ಮಿಲಿಆಂಪ್ ದಾಟುತ್ತದೆ, ಬ್ಯಾಟರಿ ತಾನಾಗಿಯೂ ಸೋರುತ್ತದೆ. ಅವನ್ನೆಲ್ಲ ಕಳೆದರೂ ತಿಂಗಳುಗಟ್ಟಲೆ ಬಾಳುತ್ತದೆ. ಈ ಕೆಲಸಕ್ಕೆ ಡಿಎಫ್‌ರೋಬೋಟ್‌ನ ಫೈರ್‌ಬೀಟಲ್ ಅಥವಾ ಸೀಡ್ ಕಂಪನಿಯ ಶಾವೊ ಸಾಲಿನ ಇಎಸ್‌ಪಿ32 ಬೋರ್ಡ್‌ಗಳು ಒಳ್ಳೆಯವು, ಬ್ಯಾಟರಿ ಜೋಡಿಸಿ ಚಾರ್ಜ್ ಮಾಡುವ ಏರ್ಪಾಡೂ ಅವುಗಳಲ್ಲಿದೆ. ಬೋರ್ಡ್ ಮಾರುವವರು ಚಿಪ್ಪಿನ ನಿದ್ರೆಯ ಅಂಕಿ ಕೊಟ್ಟಿದ್ದಾರೋ ಬೋರ್ಡಿನದ್ದೋ ಎಂದು ನೋಡದೆ ಹಣ ಕೊಡಬೇಡಿ. ನನ್ನ ಮಟ್ಟಿಗೆ ಎಲ್ಲ ಜಾಹೀರಾತುಗಳಲ್ಲಿ ಅತಿ ಮುಖ್ಯವಾದ ಸಾಲು ಅದೇ.

ಕಿಟಕಿಯ ಬಳಿ ಕರಿಬೇವಿನ ಕುಂಡ ಇಟ್ಟು ಮಣ್ಣಿನ ತೇವ ಅಳೆಯುವವರು ಇನ್ನೊಂದು ಸಂಗತಿ ತಿಳಿದಿರಬೇಕು. ಮೂಲ ಇಎಸ್‌ಪಿ32ರಲ್ಲಿ ವೈ-ಫೈ ನಡೆಯುತ್ತಿರುವಾಗ ಎಡಿಸಿ2 ಎಂಬ ಗುಂಪಿನ ಪಿನ್‌ಗಳಲ್ಲಿ ಅನಲಾಗ್ ಅಳತೆ ಸಿಗುವುದಿಲ್ಲ. ಸೆನ್ಸರ್ ತಂತಿಯನ್ನು 32ರಿಂದ 39ರೊಳಗಿನ ಎಡಿಸಿ1 ಪಿನ್ನಿಗೆ ಜೋಡಿಸಿ. ಈ ಬೋರ್ಡ್‌ಗಳೆಲ್ಲ 3.3 ವೋಲ್ಟಿನವು, ಹಳೆಯ ಆರ್ಡುಯಿನೊ ಊನೊ ಬೋರ್ಡಿಗೆಂದು ಮಾಡಿದ 5 ವೋಲ್ಟಿನ ಸೆನ್ಸರನ್ನು ನೇರವಾಗಿ ಚುಚ್ಚಿದರೆ ಪಿನ್ ಸುಡಬಹುದು.

ಚಿತ್ರದುರ್ಗ ಕಡೆಯ ಒಬ್ಬ ಅಕ್ಕ ತಮ್ಮ ಮನೆಯಿಂದ ಅರ್ಧ ಮೈಲಿ ದೂರದಲ್ಲಿ ಕೌನ್ಸಿಲ್ಲಿನಿಂದ ಅಲಾಟ್‌ಮೆಂಟ್ ಹಿಡಿದಿದ್ದಾರೆ; ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ತುಂಡು ಭೂಮಿ ಅದು. ಪ್ಲಾಸ್ಟಿಕ್ ಹೊದಿಸಿದ ಗೂಡಿನಲ್ಲಿ ಹೀರೆಕಾಯಿ, ದಂಟು, ಮೆಂತ್ಯ. ಏಪ್ರಿಲ್ ರಾತ್ರಿಯ ಹಿಮಕ್ಕೆ ಹೀರೆಯ ಸಸಿ ಸಾಯುತ್ತದೆ, ಆದ್ದರಿಂದ ಗೂಡಿನ ಉಷ್ಣತೆ ಮನೆಗೆ ತಿಳಿಯಬೇಕು. ಅಲ್ಲಿ ಕರೆಂಟೂ ಇಲ್ಲ, ವೈ-ಫೈಯೂ ಇಲ್ಲ. ಇಲ್ಲಿಗೆ ಬೇಕಾದದ್ದು ಲೋರಾ ರೇಡಿಯೊ ಇರುವ ಬೋರ್ಡ್: ಅತಿ ನಿಧಾನವಾಗಿ, ಅತಿ ಕಡಿಮೆ ಶಕ್ತಿಯಲ್ಲಿ, ಊರೊಳಗೂ ಒಂದೆರಡು ಕಿಲೊಮೀಟರ್ ಮುಟ್ಟಬಲ್ಲದು. ಒಂದು ಗೂಡಿನಲ್ಲಿ, ಒಂದು ಅವರ ಮನೆಯ ಮೇಲ್ಮಹಡಿಯ ಕಿಟಕಿಯಲ್ಲಿ. ಬ್ರಿಟನ್ನಿನಲ್ಲಿ ಇದಕ್ಕೆ 868 ಮೆಗಾಹರ್ಟ್ಸ್ ಸುತ್ತಿನ ಪಟ್ಟಿ ಲೈಸೆನ್ಸ್ ಇಲ್ಲದೆ ಸಿಗುತ್ತದೆ, ಅದರ ಸಾಮಾನ್ಯ ಭಾಗದಲ್ಲಿ ಸಮಯದ ಶೇ 1ರಷ್ಟು ಮಾತ್ರ, ಅಂದರೆ ಗಂಟೆಗೆ 36 ಸೆಕೆಂಡ್ ಮಾತನಾಡಬಹುದು. ಉಷ್ಣತೆಯ ಎರಡಂಕಿ ಕಳಿಸಲು ಅದು ಧಾರಾಳ.

ಮಕ್ಕಳಿಗೆ ಮಾತ್ರ ನಾನು ಈ ಯಾವ ಬೋರ್ಡನ್ನೂ ಮೊದಲು ಕೊಡುವುದಿಲ್ಲ, ಮೈಕ್ರೊಬಿಟ್ ಕೊಡುತ್ತೇನೆ. 2016ರಲ್ಲಿ ಬಿಬಿಸಿ ಮತ್ತು ಜೊತೆಗಾರ ಸಂಸ್ಥೆಗಳು ಬ್ರಿಟನ್ನಿನ ಶಾಲೆಗಳ ಏಳನೇ ವರ್ಷದ ಮಕ್ಕಳಿಗೆ ಉಚಿತವಾಗಿ ಹಂಚಿದ್ದು ಅದನ್ನೇ. 25 ದೀಪ, ಎರಡು ಗುಂಡಿ, ಅಲುಗಾಟ ತಿಳಿಯುವ ಸೆನ್ಸರ್ ಎಲ್ಲವೂ ಅದರ ಮೈಮೇಲೇ ಇವೆ. ವೈ-ಫೈ ಇಲ್ಲ, ಆದರೆ ಎರಡು ಮೈಕ್ರೊಬಿಟ್‌ಗಳು ರೌಟರಿನ ಹಂಗಿಲ್ಲದೆ ತಮ್ಮತಮ್ಮಲ್ಲೇ ಮಾತನಾಡುತ್ತವೆ. ಕೋಣೆಯ ಆ ಮೂಲೆಯಿಂದ ಗೆಳತಿ ಕಳಿಸಿದ ಹೃದಯದ ಚಿತ್ರ ತನ್ನ ಕೈಯಲ್ಲಿ ಬೆಳಗಿದಾಗ ಮಗುವಿಗೆ ರೇಡಿಯೊ ಎಂದರೇನು ಎಂದು ನಾನು ವಿವರಿಸಬೇಕಾಗುವುದಿಲ್ಲ. ಬ್ರಿಟನ್ನಿನ ಕೆಲವು ಗ್ರಂಥಾಲಯಗಳು ಇದನ್ನು ಪುಸ್ತಕದಂತೆ ಎರವಲೂ ಕೊಡುತ್ತವೆ, ಕೇಳಿ ನೋಡಿ.

ಕ್ಲಬ್ಬಿನ ಹುಡುಗನೊಬ್ಬ ಬರುವ ರಜೆಗೆ ತೀರ್ಥಹಳ್ಳಿಯ ತಾತನ ಅಡಿಕೆ ತೋಟಕ್ಕೆ ಲೋರಾ ಬೋರ್ಡ್ ಒಯ್ಯಲಿದ್ದಾನೆ. ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಭಾರತದಲ್ಲಿ ಈ ಕೆಲಸಕ್ಕಿರುವ ಪಟ್ಟಿ 865ರಿಂದ 868 ಮೆಗಾಹರ್ಟ್ಸ್. ಎಸ್‌ಎಕ್ಸ್1262 ಎಂಬ ಲೋರಾ ಚಿಪ್ಪಿನ, 868ಕ್ಕೆಂದು ಮಾರುವ ಬೋರ್ಡ್ ತೆಗೆದುಕೊಂಡರೆ ಪ್ರೋಗ್ರಾಮಿನಲ್ಲಿ ಒಂದು ಸಂಖ್ಯೆ ಬದಲಿಸಿದರಾಯಿತು, ಆಂಟೆನಾ ಹಾಗೆಯೇ ನಡೆಯುತ್ತದೆ. 433ರದ್ದು ಎಂದು ಬರೆದಿದ್ದರೆ ಬೇಡ. ಆಂಟೆನಾ ತಿರುಪಿ ಕೂರಿಸದೆ ಕರೆಂಟ್ ಕೊಡಬೇಡ, ರೇಡಿಯೊ ಹಾಳಾದೀತು. ಬಿಡಿ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಕೈಚೀಲದಲ್ಲೇ ಇಟ್ಟುಕೋ, ದೊಡ್ಡ ಪೆಟ್ಟಿಗೆಗೆ ಹಾಕಬೇಡ. ಮಳೆಗಾಲದ ಮಲೆನಾಡಿನಲ್ಲಿ ಒದ್ದೆ ಎಲೆಗಳ ನಡುವೆ ರೇಡಿಯೊ ಹಾಯುವ ದೂರ ಇಳಿಯುತ್ತದೆ. ಮನೆ ಕಡೆಯ ಬೋರ್ಡನ್ನು ಅಟ್ಟದ ಮೇಲಿಡು, ತೋಟದ್ದನ್ನು ಕಂಬಕ್ಕೆ ಕಟ್ಟು, ಬೋರ್ಡ್ ಇಟ್ಟ ಡಬ್ಬಿಯ ತಂತಿ ತೂತು ಕೆಳಮುಖವಾಗಿರಲಿ.